ಔಷಧಕ್ಕೆ ಬಗ್ಗದ ಬಿಳಿಸೆರಗು ಮತ್ತು ತುರಿಕೆ

ಮಧುಮೇಹಿಗಳ ಪಾದರಕ್ಷಣೆಯನ್ನು ಕುರಿತು ನಾವು ಈ ಅಂಕಣದಲ್ಲಿ ಬರೆದ ಬಳಿಕ ಶ್ರೀಮಠದ ವಿಳಾಸಕ್ಕೆ ಬಂದ ಪತ್ರಗಳಲ್ಲಿ ಕೆಲವು ಹೆಸರಿಲ್ಲದವು. ಯಲಹಂಕ, ಮತ್ತೀಕೆರೆ, ಆರ್.ಟಿ. ನಗರದ ಕಡೆಯ ತಾಯಂದಿರು ಬರೆದವು. ವಿಷಯ ಬಹುಮಟ್ಟಿಗೆ ಒಂದೇ: ಗುಹ್ಯಭಾಗದಲ್ಲಿ ತಡೆಯಲಾರದ ತುರಿಕೆ, ಮೊಸರೊಡೆದಂತಹ ಬಿಳಿಸೆರಗು, ಮೂತ್ರ ಮಾಡುವಾಗ ಉರಿ. ಮಾತ್ರೆ ನುಂಗಿದರೆ ವಾರ ಹತ್ತು ದಿನ ನೆಮ್ಮದಿ, ಮತ್ತೆ ಅದೇ ಪಾಡು. ಒಬ್ಬ ತಾಯಿ ಮೂರು ವರ್ಷದಿಂದ ಹೀಗೆಯೇ ನರಳುತ್ತಿರುವುದಾಗಿ ತಿಳಿಸಿ, ಇಂಥದ್ದನ್ನು ಮಠದ ಪತ್ರಿಕೆಗೆ ಬರೆಯುವುದು ತಪ್ಪಾದರೆ ಕ್ಷಮಿಸಬೇಕೆಂದು ಕೊನೆಯಲ್ಲಿ ಸೇರಿಸಿದ್ದಾರೆ.

ತಪ್ಪೇನೂ ಇಲ್ಲ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ಹನ್ನೆರಡನೆಯ ಶತಮಾನದಲ್ಲಿಯೇ ತಳ್ಳಿಹಾಕಿದ ಶರಣರ ಪರಂಪರೆ ನಮ್ಮದು. ಹೆಣ್ಣಿನ ದೇಹಧರ್ಮವನ್ನು ಮೈಲಿಗೆಯೆಂದು ಒಪ್ಪದ ಮನೆಯಲ್ಲಿ ಅದೇ ದೇಹದ ವ್ಯಾಧಿಯನ್ನು ಪಿಸುದನಿಯಲ್ಲಿ ಹೇಳಿಕೊಳ್ಳಬೇಕಾಗಿ ಬಂದಿರುವುದು ಸೋಜಿಗ. ಈ ಸಂಕೋಚದಿಂದಲೇ ಕಾಯಿಲೆಗೆ ಆಯುಷ್ಯ ಹೆಚ್ಚುತ್ತದೆಂಬುದು ನಮ್ಮ ಅನುಭವ. ಆದುದರಿಂದ ಈ ಸಲ ಮುಚ್ಚುಮರೆಯಿಲ್ಲದೆ ಬರೆಯುತ್ತೇವೆ. ಗಂಡಸರೂ ಓದಬೇಕು, ಅವರಿಗೆ ಸಂಬಂಧಿಸಿದ ಮಾತೂ ಮುಂದೆ ಇದೆ.

ಈ ತೊಂದರೆಗೆ ಮುಖ್ಯ ಕಾರಣ ಕ್ಯಾಂಡಿಡಾ ಎಂಬ ಹುದುಗುಜೀವಿ, ಅಂದರೆ ಯೀಸ್ಟ್ ವರ್ಗದ ಶಿಲೀಂಧ್ರ. ಯೀಸ್ಟ್ ಎಂದೊಡನೆ ಅನೇಕರು ಇಡ್ಲಿ ದೋಸೆಯನ್ನು ಬಿಟ್ಟುಬಿಡುತ್ತಾರೆ. ಆ ಹಿಟ್ಟನ್ನು ಹುದುಗಿಸುವುದು ಮುಖ್ಯವಾಗಿ ಹುಳಿಯನ್ನುಂಟುಮಾಡುವ ಬ್ಯಾಕ್ಟೀರಿಯಗಳು. ಬೆಂದ ಇಡ್ಲಿಯಿಂದ ಈ ರೋಗ ಬರುವುದಿಲ್ಲ. ಕ್ಯಾಂಡಿಡಾ ಹೊರಗಿನಿಂದ ದಾಳಿ ಮಾಡುವ ಶತ್ರುವೂ ಅಲ್ಲ. ಅದು ನಮ್ಮ ಬಾಯಿ, ಕರುಳು, ಚರ್ಮದ ಮಡಿಕೆಗಳಲ್ಲಿ ಸದಾ ವಾಸಿಸುವ ಬಾಡಿಗೆದಾರ. ಆರೋಗ್ಯವಂತ ಸ್ತ್ರೀಯರಲ್ಲಿಯೂ ನೂರಕ್ಕೆ 10ರಿಂದ 20 ಮಂದಿಯ ಯೋನಿಯಲ್ಲಿ ಯಾವ ತೊಂದರೆಯನ್ನೂ ಕೊಡದೆ ಇರುತ್ತದೆ. ಲ್ಯಾಕ್ಟೋಬ್ಯಾಸಿಲಸ್ ಎಂಬ ಹಿತಕಾರಿ ಜೀವಿಗಳು ಅಲ್ಲಿ ಆಮ್ಲೀಯ ವಾತಾವರಣವನ್ನು ಕಾಪಾಡಿಕೊಂಡಿರುವವರೆಗೆ ಅದು ತನ್ನ ಮಿತಿಯನ್ನು ಮೀರುವುದಿಲ್ಲ. ಸಕ್ಕರೆ ಹೆಚ್ಚಾದಾಗ, ಬೇರೊಂದು ಕಾಯಿಲೆಗೆ ನುಂಗಿದ ಆ್ಯಂಟಿಬಯಾಟಿಕ್ ಹಿತಕಾರಿ ಜೀವಿಗಳನ್ನು ಅಳಿಸಿದಾಗ, ಗರ್ಭಿಣಿಯಾದಾಗ, ಸ್ಟೀರಾಯ್ಡ್ ಸೇವಿಸುವಾಗ ಅದು ಮೇಲುಗೈ ಪಡೆಯುತ್ತದೆ. ಜೀವಮಾನದಲ್ಲಿ ಒಮ್ಮೆಯಾದರೂ ಈ ಸೋಂಕಿಗೆ ಒಳಗಾಗುವ ಸ್ತ್ರೀಯರು ನಾಲ್ವರಲ್ಲಿ ಮೂವರು. ಒಂದೇ ವರ್ಷದಲ್ಲಿ ಮೂರು ಬಾರಿ ಅಥವಾ ಅದಕ್ಕೂ ಹೆಚ್ಚು ಮರುಕಳಿಸಿದರೆ ಮಾತ್ರ ಅದನ್ನು ಹಠಮಾರಿ ರೋಗವೆಂದು ಪರಿಗಣಿಸಬೇಕು.

ಚರಕಸಂಹಿತೆಯ ಚಿಕಿತ್ಸಾಸ್ಥಾನದ ಮೂವತ್ತನೆಯ ಅಧ್ಯಾಯದಲ್ಲಿ ಇಪ್ಪತ್ತು ಬಗೆಯ ಯೋನಿವ್ಯಾಪತ್ತುಗಳು ಹೇಳಲ್ಪಟ್ಟಿವೆ. ಅವುಗಳಲ್ಲಿ ಕಫಜವಾದುದರ ಲಕ್ಷಣ ಲೋಳೆಯ ಸ್ರಾವ, ತಂಪು, ತುರಿಕೆ, ಅಲ್ಪವೇದನೆ, ಬಿಳುಪು. ಅಚರಣಾ ಎಂಬ ಇನ್ನೊಂದರಲ್ಲಿ ಶುಚಿತ್ವವಿಲ್ಲದೆ ಹುಟ್ಟುವ ಜಂತುಗಳು ತುರಿಕೆಯನ್ನುಂಟುಮಾಡುತ್ತವೆ ಎಂಬ ಮಾತಿದೆ. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಇಷ್ಟನ್ನು ಗುರುತಿಸಿದ್ದು ಸಾಮಾನ್ಯವಲ್ಲ. ಆದರೆ ಚರಕರು ಹೇಳಿದ ಕಫಜ ವ್ಯಾಪತ್ತೇ ಇಂದಿನ ಕ್ಯಾಂಡಿಡಾ ಎಂದು ಪಕ್ಕಪಕ್ಕ ಬರೆದು ಸಮೀಕರಿಸುವ ಉತ್ಸಾಹ ನಮಗಿಲ್ಲ. ಅದೇ ಲಕ್ಷಣಗಳನ್ನು ತೋರುವ ಬೇರೆ ಬೇರೆ ರೋಗಗಳಿವೆ. ಔಷಧಕ್ಕೆ ಬಗ್ಗದಿರುವುದರ ಮೊದಲನೆಯ ಕಾರಣವೂ ಅಲ್ಲಿಯೇ ಅಡಗಿದೆ.

ನಮ್ಮಲ್ಲಿಗೆ ಬರುವ ‘ಬಗ್ಗದ ಯೀಸ್ಟ್’ ಎಷ್ಟೋ ಸಲ ಯೀಸ್ಟೇ ಆಗಿರುವುದಿಲ್ಲ. ಬೂದುಬಣ್ಣದ ತೆಳುವಾದ ಸ್ರಾವ, ಮೀನಿನಂತಹ ವಾಸನೆ ಇದ್ದರೆ ಅದು ಬ್ಯಾಕ್ಟೀರಿಯಗಳ ಏರುಪೇರು. ನೊರೆನೊರೆಯಾದ ಹಸಿರು ಹಳದಿ ಸ್ರಾವವಾದರೆ ಟ್ರೈಕೊಮೊನಾಸ್ ಎಂಬ ಪರಾವಲಂಬಿಯ ಶಂಕೆ ಬರಬೇಕು. ಮುಟ್ಟು ನಿಂತ ತಾಯಂದಿರಲ್ಲಿ ಉರಿ ಮತ್ತು ಒಣತನ ಹಾರ್ಮೋನಿನ ಕೊರತೆಯಿಂದ ಬರುತ್ತವೆ. ಅದಕ್ಕೆ ಶಿಲೀಂಧ್ರನಾಶಕ ಕೊಟ್ಟು ಏನು ಪ್ರಯೋಜನ? ಹೊರಚರ್ಮ ಬೆಳ್ಳಗಾಗಿ ಸಿಗರೇಟಿನ ಕಾಗದದಂತೆ ಸುಕ್ಕುಗಟ್ಟಿ ತುರಿಸುತ್ತಿದ್ದರೆ ಅದು ಲೈಕೆನ್ ಸ್ಕ್ಲೆರೋಸಸ್ ಎಂಬ ಬೇರೆಯೇ ಚರ್ಮವ್ಯಾಧಿ. ಅದನ್ನು ಚರ್ಮತಜ್ಞರು ಅಥವಾ ಸ್ತ್ರೀರೋಗತಜ್ಞರು ನೋಡಲೇಬೇಕು, ನಿರ್ಲಕ್ಷಿಸಿದರೆ ವರ್ಷಗಳ ಮೇಲೆ ಕ್ಯಾನ್ಸರಿಗೆ ದಾರಿಯಾಗಬಹುದು. ಇನ್ನು ಕೆಲವರದು ತಾವೇ ತಂದುಕೊಂಡ ಉರಿ: ದಿನಕ್ಕೆರಡು ಬಾರಿ ಕ್ರಿಮಿನಾಶಕ ದ್ರಾವಣ ಬೆರೆಸಿದ ನೀರು, ಸುಗಂಧದ ಸೋಪು, ಜಾಹೀರಾತಿನಲ್ಲಿ ಕಂಡ ‘ಇಂಟಿಮೇಟ್ ವಾಶ್’. ತುರಿಕೆಯಿದೆಯೆಂದು ತೊಳೆಯುವುದು, ತೊಳೆದುದರಿಂದ ತುರಿಕೆ ಹೆಚ್ಚುವುದು, ಹೆಚ್ಚಿತೆಂದು ಮತ್ತೆ ತೊಳೆಯುವುದು. ಅದೊಂದು ಗಾಣ.

ಇಷ್ಟೆಲ್ಲವನ್ನೂ ಬಿಳಿಸೆರಗು ಎಂಬ ಒಂದೇ ಪದದಲ್ಲಿ ಕಟ್ಟಿ ಔಷಧದಂಗಡಿಯವನ ಮುಂದಿಟ್ಟರೆ ಅವನು ತಾನೇ ಏನು ಮಾಡಿಯಾನು? ಒಂದು 150 ಮಿಲಿಗ್ರಾಂ ಫ್ಲುಕೊನಜೋಲ್ ಕೊಡುತ್ತಾನೆ. ಗುಣವಾದರೆ ಯೀಸ್ಟ್, ಆಗದಿದ್ದರೆ ‘ಬಗ್ಗದ ಯೀಸ್ಟ್’!

ಎರಡನೆಯ ಬಾರಿ ಮರುಕಳಿಸಿದೊಡನೆ ಪರೀಕ್ಷೆ ಮಾಡಿಸಿಕೊಳ್ಳಿರಿ ಎಂದು ನಾವು ಹೇಳುವುದು ಈ ಕಾರಣಕ್ಕೆ. ಪರೀಕ್ಷೆ ದೊಡ್ಡದೇನಲ್ಲ. ವೈದ್ಯೆ ಕಣ್ಣಾರೆ ನೋಡುತ್ತಾರೆ. ಬಣ್ಣ ಬದಲಿಸುವ ಕಾಗದದಿಂದ ಆಮ್ಲೀಯತೆಯನ್ನು ಅಳೆಯುತ್ತಾರೆ. ಯೀಸ್ಟ್ ಸೋಂಕಿನಲ್ಲಿ ಪಿ.ಎಚ್. ಸಾಮಾನ್ಯವಾಗಿ 4.5ನ್ನು ಮೀರುವುದಿಲ್ಲ, ಮೀರಿದರೆ ಬೇರೆ ಕಾರಣವನ್ನು ಹುಡುಕಬೇಕು. ಸ್ರಾವದ ಒಂದು ಹನಿಯನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಬೆರೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಿಲೀಂಧ್ರದ ಎಳೆಗಳು ಗೋಚರಿಸುತ್ತವೆ. ಹಠಮಾರಿ ರೋಗದಲ್ಲಿ ಇದೂ ಸಾಲದು. ಕಲ್ಚರ್ ಮಾಡಿಸಿ ಕ್ಯಾಂಡಿಡಾದ ಯಾವ ಪ್ರಭೇದವೆಂದು, ಯಾವ ಔಷಧಕ್ಕೆ ಮಣಿಯುತ್ತದೆಯೆಂದು ತಿಳಿಯಬೇಕು. ಸೂಕ್ಷ್ಮಜೀವಿಶಾಸ್ತ್ರ ವಿಭಾಗವಿರುವ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಲ್ಲಿ ಇದು ಸಾಧ್ಯ. ಬೆಂಗಳೂರಿನ ಉತ್ತರ ಭಾಗದವರಿಗೆ ಅಂತಹ ಆಸ್ಪತ್ರೆ ದೂರವಲ್ಲ. ಒಂದು ಮಾತನ್ನು ಮಾತ್ರ ನೆನಪಿಡಬೇಕು: ಮಾತ್ರೆ ನುಂಗಿ, ಮುಲಾಮು ಹಚ್ಚಿಕೊಂಡು ಮರುದಿನ ಪರೀಕ್ಷೆಗೆ ಹೋದರೆ ಏನೂ ಕಾಣದು. ತೊಂದರೆ ಮರಳಿದಾಗ, ಔಷಧಕ್ಕೆ ಮೊದಲು ಹೋಗಬೇಕು.

ಈಗ ನಮ್ಮನ್ನು ಹೆಚ್ಚು ಚಿಂತೆಗೀಡುಮಾಡಿರುವ ಸಂಗತಿಗೆ ಬರುತ್ತೇವೆ. ಅದು ಸಕ್ಕರೆ ಕಾಯಿಲೆಯ ಮಾತ್ರೆಗಳದು.

ರಕ್ತದ ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಕ್ಯಾಂಡಿಡಾ ಮರುಕಳಿಸುತ್ತದೆಂಬುದು ಹಳೆಯ ವಿಚಾರ. ಮೂತ್ರ ಬಿದ್ದಲ್ಲಿ ಇರುವೆ ಮುತ್ತುವುದನ್ನು ನಮ್ಮ ಪೂರ್ವಾಚಾರ್ಯರು ಪ್ರಮೇಹದ ಚಿಹ್ನೆಯಾಗಿ ಹೇಳಿದ್ದಾರೆ. ಸಿಹಿ ಇದ್ದಲ್ಲಿಗೆ ಇರುವೆಯಂತೆ ಶಿಲೀಂಧ್ರವೂ ಬರುತ್ತದೆ. ಹೀಗಾಗಿ ತುರಿಕೆಯೆಂದು ಬಂದ ನಲವತ್ತು ದಾಟಿದವರಿಗೆಲ್ಲ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸುವುದು ನಮ್ಮ ರೂಢಿ. ತಮಗೆ ಮಧುಮೇಹವಿದೆಯೆಂದು ಹಾಗೆಯೇ ಮೊದಲ ಬಾರಿಗೆ ತಿಳಿದುಕೊಂಡವರು ಎಷ್ಟೋ ಮಂದಿ. ಹೊಸ ವಿಚಾರವೇನೆಂದರೆ, ಸಕ್ಕರೆ ಚೆನ್ನಾಗಿ ಹತೋಟಿಯಲ್ಲಿರುವವರೂ ಈಚಿನ ವರ್ಷಗಳಲ್ಲಿ ಇದೇ ತೊಂದರೆಯನ್ನು ಹೊತ್ತು ಬರುತ್ತಿದ್ದಾರೆ. ಅವರ ಔಷಧದ ಚೀಟಿಯನ್ನು ಬಿಡಿಸಿ ನೋಡಿದರೆ ‘ಗ್ಲಿಫ್ಲೋಜಿನ್’ ಎಂದು ಕೊನೆಯಾಗುವ ಒಂದು ಹೆಸರು ಕಾಣುತ್ತದೆ: ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅಥವಾ ಇವುಗಳ ಸೋದರ.

ನಮ್ಮ ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 180 ಗ್ರಾಂ ಸಕ್ಕರೆಯನ್ನು ಸೋಸಿ, ಅಷ್ಟನ್ನೂ ಹಿಂದಕ್ಕೆ ರಕ್ತಕ್ಕೆ ಮರಳಿಸುತ್ತವೆ. ಮರಳಿಸುವ ಬಾಗಿಲನ್ನು ಈ ಮಾತ್ರೆಗಳು ಭಾಗಶಃ ಮುಚ್ಚುತ್ತವೆ. ಆಗ ದಿನಕ್ಕೆ ಸುಮಾರು 60ರಿಂದ 80 ಗ್ರಾಂ ಸಕ್ಕರೆ ಮೂತ್ರದಲ್ಲಿ ಹೊರಹೋಗುತ್ತದೆ. ರಕ್ತದ ಸಕ್ಕರೆ ಇಳಿಯುತ್ತದೆ, ತೂಕ ಒಂದಿಷ್ಟು ತಗ್ಗುತ್ತದೆ, ಹೃದಯಕ್ಕೂ ಮೂತ್ರಪಿಂಡಕ್ಕೂ ರಕ್ಷಣೆ ದೊರೆಯುತ್ತದೆ. ಇವೆಲ್ಲ ದೊಡ್ಡ ಅಧ್ಯಯನಗಳಲ್ಲಿ ಸಾಬೀತಾದವು. ಆದರೆ ಅದೇ ಸಿಹಿಮೂತ್ರ ದಿನವಿಡೀ ಗುಹ್ಯಭಾಗವನ್ನು ನೆನೆಸುವುದರಿಂದ ಅಲ್ಲಿಯ ಯೀಸ್ಟ್ ಸೋಂಕು ಹಲವು ಪಟ್ಟು ಹೆಚ್ಚುತ್ತದೆ. ಪೂರ್ವಾಚಾರ್ಯರು ರೋಗವೆಂದು ಕಂಡ ಇರುವೆ ಮುತ್ತುವ ಮೂತ್ರವನ್ನು ಇಲ್ಲಿ ಚಿಕಿತ್ಸೆಯ ಉಪಾಯವಾಗಿಯೇ ಉಂಟುಮಾಡಲಾಗುತ್ತದೆ! ಇದನ್ನು ಅರಿಯದ ಕೆಲವರು ಮೂತ್ರಪರೀಕ್ಷೆಯ ವರದಿಯಲ್ಲಿ ಸಕ್ಕರೆ ಕಂಡು ಗಾಬರಿಯಾಗುತ್ತಾರೆ. ಈ ಮಾತ್ರೆ ಸೇವಿಸುವವರ ಮೂತ್ರದಲ್ಲಿ ಸಕ್ಕರೆ ಇದ್ದೇ ಇರುತ್ತದೆ.

ಭಾರತದಲ್ಲಿ ಡಾಪಾಗ್ಲಿಫ್ಲೋಜಿನ್ ಮೇಲಿನ ಪೇಟೆಂಟ್ 2020ರ ಅಕ್ಟೋಬರಿನಲ್ಲಿ ಮುಗಿಯಿತು; ಎಂಪಾಗ್ಲಿಫ್ಲೋಜಿನ್‌ನದು 2025ರ ಮಾರ್ಚಿನಲ್ಲಿ. ನಮ್ಮ ದೇಶದ ಹಲವಾರು ಕಂಪನಿಗಳು ಅಗ್ಗದ ಬೆಲೆಗೆ ಇವನ್ನು ತಯಾರಿಸತೊಡಗಿದವು. ಹಿಂದೆ ಉಳ್ಳವರ ಔಷಧವಾಗಿದ್ದುದು ಈಗ ಯಶವಂತಪುರದ ಮಾರುಕಟ್ಟೆಯಲ್ಲಿ ಮೂಟೆ ಹೊರುವವನಿಗೂ ಎಟುಕುತ್ತಿದೆ. ಒಳ್ಳೆಯದೇ ಆಯಿತು. ಮಾತ್ರೆ ಎಲ್ಲರ ಕೈಗೂ ಬಂದಿದೆ. ಅದರ ಜೊತೆಗೆ ಹೇಳಬೇಕಾದ ಎಚ್ಚರಿಕೆಯ ಮಾತು ಮಾತ್ರ ಕಿಕ್ಕಿರಿದ ದವಾಖಾನೆಯಲ್ಲಿ ಎಲ್ಲರ ಕಿವಿಗೂ ಬೀಳುತ್ತಿಲ್ಲ. ಸಕ್ಕರೆಯ ವೈದ್ಯರಿಗೆ ತುರಿಕೆಯ ವಿಚಾರ ಹೇಳಲು ಆಕೆಗೆ ನಾಚಿಕೆ. ತುರಿಕೆಗೆ ಮಾತ್ರೆ ಕೊಡುವ ಇನ್ನೊಬ್ಬರಿಗೆ ಸಕ್ಕರೆಯ ಚೀಟಿ ತೋರಿಸಬೇಕೆಂದು ಆಕೆಗೆ ತೋಚುವುದಿಲ್ಲ. ಎರಡು ಚೀಟಿಗಳು ಒಂದೇ ಮೇಜಿನ ಮೇಲೆ ಬಂದರೆ ಕ್ಷಣಾರ್ಧದಲ್ಲಿ ಬಿಡಿಸಬಹುದಾದ ಒಗಟು ವರ್ಷಗಟ್ಟಲೆ ಉಳಿಯುತ್ತದೆ.

ಇದನ್ನು ಓದಿದವರು ನಾಳೆಯೇ ಆ ಮಾತ್ರೆಯನ್ನು ನಿಲ್ಲಿಸಬಾರದು. ಅದು ಯಾರಿಗೋ ಹೃದಯವನ್ನು, ಯಾರಿಗೋ ಮೂತ್ರಪಿಂಡವನ್ನು ಕಾಯುತ್ತಿರಬಹುದು. ವೈದ್ಯರ ಬಳಿಗೆ ಹೋಗಿ, ನಾಚದೆ, ಹೀಗೆ ತೊಂದರೆಯಾಗಿದೆ ಎಂದು ಹೇಳಿದರೆ ಸಾಕು. ಒಂದೆರಡು ಸಲ ಮಾತ್ರ ಬಂದು ಸುಲಭವಾಗಿ ಶಮನವಾಗುವ ಸೋಂಕಾದರೆ ಚಿಕಿತ್ಸೆ ಕೊಟ್ಟು ಮಾತ್ರೆಯನ್ನು ಮುಂದುವರಿಸುತ್ತಾರೆ. ಮತ್ತೆ ಮತ್ತೆ ಬಂದರೆ ಬದಲಿಸುತ್ತಾರೆ. ಮೂತ್ರ ಮಾಡಿದ ಪ್ರತಿಸಲವೂ ಬರಿಯ ನೀರಿನಲ್ಲಿ ತೊಳೆದು ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿಕೊಳ್ಳುವ ಅಭ್ಯಾಸವೊಂದರಿಂದಲೇ ಅನೇಕರಿಗೆ ಉಪಶಮನವಾಗಿರುವುದನ್ನು ಕಂಡಿದ್ದೇವೆ. ಜೊತೆಗೆ ಇನ್ನೊಂದು ಮಾತು, ವಿಷಯಾಂತರವಾದರೂ ಹೇಳಬೇಕಾದುದು: ಈ ಮಾತ್ರೆ ಸೇವಿಸುವವರು ಶಿವರಾತ್ರಿಯಂತಹ ನಿರಾಹಾರ ಉಪವಾಸಕ್ಕೆ ಮುನ್ನ ವೈದ್ಯರನ್ನು ಕೇಳಲೇಬೇಕು. ಹಸಿದ ಹೊಟ್ಟೆಯಲ್ಲಿ ರಕ್ತದ ಸಕ್ಕರೆ ಹೆಚ್ಚದೆಯೇ ಕೀಟೋನ್ ಎಂಬ ಆಮ್ಲ ಏರಿ ಪ್ರಾಣಾಪಾಯವಾಗುವ ಸಂಭವವಿದೆ.

ಗಂಡಸರಲ್ಲಿ ಇದೇ ಸೋಂಕು ಶಿಶ್ನದ ತುದಿಯಲ್ಲಿ ಕೆಂಪು, ತುರಿಕೆ, ಬಿಳಿಯ ಲೇಪ, ಮುಂದೊಗಲಿನಲ್ಲಿ ಸೀಳುಗಾಯಗಳಾಗಿ ಕಾಣುತ್ತದೆ. ಮುಂದೊಗಲು ಹಿಂದಕ್ಕೆ ಸರಿಯದಂತೆ ಬಿಗಿಯುವುದೂ ಉಂಟು. ಗಂಡಸರು ಇದನ್ನು ಹೆಂಗಸರಿಗಿಂತ ಹೆಚ್ಚು ಮುಚ್ಚಿಡುತ್ತಾರೆ. ಜನನಾಂಗ ಮತ್ತು ಗುದದ ನಡುವಿನ ಭಾಗದಲ್ಲಿ ನೋವು, ಬಾವು, ಕೆಂಪಾಗುವುದು, ಜ್ವರ ಇವು ಕೂಡಿ ಬಂದರೆ ಮನೆಮದ್ದಿಗೆ ಒಂದು ಗಂಟೆಯನ್ನೂ ವ್ಯರ್ಥಮಾಡದೆ ದೊಡ್ಡ ಆಸ್ಪತ್ರೆಗೆ ಧಾವಿಸಬೇಕು. ಫೋರ್ನಿಯರ್ ಗ್ಯಾಂಗ್ರೀನ್ ಎಂಬ ಆ ಸ್ಥಿತಿ ಅಪರೂಪ, ಆದರೆ ಮಾರಕ. ಗ್ಲಿಫ್ಲೋಜಿನ್ ಮಾತ್ರೆಗಳ ಸಂಬಂಧದಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2018ರಲ್ಲಿಯೇ ಈ ಕುರಿತು ಎಚ್ಚರಿಸಿದೆ.

ಇನ್ನು ನಿಜವಾಗಿಯೇ ಔಷಧಕ್ಕೆ ಬಗ್ಗದ ಯೀಸ್ಟ್. ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ದ್ರಾಕ್ಷಿ ಬೆಳೆಯುವ ಭಕ್ತರಿಗೆ ಇದನ್ನು ಅರ್ಥಮಾಡಿಸುವುದು ಸುಲಭ. ಬೂದಿರೋಗಕ್ಕೆ ಅವರು ಹೆಕ್ಸಾಕೊನಜೋಲ್ ಸಿಂಪಡಿಸುತ್ತಾರೆ. ಒಂದೇ ಔಷಧವನ್ನು ಎಡೆಬಿಡದೆ, ಅಳತೆ ತಪ್ಪಿಸಿ ಹೊಡೆದರೆ ಮೂರ್ನಾಲ್ಕು ಹಂಗಾಮಿನಲ್ಲಿ ಬೂದಿರೋಗ ಅದಕ್ಕೆ ಹೆದರುವುದನ್ನು ಬಿಡುತ್ತದೆಂದು ಅವರು ಬಲ್ಲರು. ಫ್ಲುಕೊನಜೋಲ್, ಕ್ಲೋಟ್ರಿಮಜೋಲ್, ಇಟ್ರಾಕೊನಜೋಲ್ ಇವೆಲ್ಲ ಅದೇ ಕುಲದವು. ಹೆಸರಿನ ಬಾಲವೇ ಹೇಳುತ್ತದೆ. ತುರಿಸಿದಾಗೊಂದು, ಹಬ್ಬಕ್ಕೆ ಊರಿಗೆ ಹೋಗುವ ಮುನ್ನ ಮುಂಜಾಗ್ರತೆಗೊಂದು ಎಂದು ಬಿಡಿಬಿಡಿಯಾಗಿ ಮಾತ್ರೆ ನುಂಗುವವರು ತಮ್ಮೊಳಗಿನ ತೋಟಕ್ಕೆ ಅದನ್ನೇ ಮಾಡುತ್ತಿದ್ದಾರೆ. ಸಾಮಾನ್ಯ ಪ್ರಭೇದವಾದ ಕ್ಯಾಂಡಿಡಾ ಅಲ್ಬಿಕಾನ್ಸ್ ಇಂದಿಗೂ ಬಹುಪಾಲು ಈ ಮಾತ್ರೆಗೆ ಮಣಿಯುತ್ತದೆ. ಗ್ಲಬ್ರಾಟಾ ಎಂಬ ಪ್ರಭೇದ ಅರೆಬರೆ ಮಣಿಯುತ್ತದೆ. ಕ್ರೂಸಿಯೈ ಎಂಬುದು ಹುಟ್ಟಿನಿಂದಲೇ ಫ್ಲುಕೊನಜೋಲಿಗೆ ಜಗ್ಗದು. ಕಲ್ಚರ್ ಪರೀಕ್ಷೆಯ ಬೆಲೆ ಇಲ್ಲಿ ತಿಳಿಯುತ್ತದೆ.

ಮರುಕಳಿಸುವ ಅಲ್ಬಿಕಾನ್ಸ್‌ಗೆ ಆಧುನಿಕ ವೈದ್ಯಶಾಸ್ತ್ರದ ಕ್ರಮ ಒಂದೇ ಮಾತ್ರೆಯದಲ್ಲ. ಮೂರು ದಿನಕ್ಕೊಂದರಂತೆ ಮೂರು ಮಾತ್ರೆ ಕೊಟ್ಟು ಸೋಂಕನ್ನು ಅಡಗಿಸಿ, ಅನಂತರ ವಾರಕ್ಕೊಂದರಂತೆ ಆರು ತಿಂಗಳು ಮುಂದುವರಿಸುತ್ತಾರೆ. 2004ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಹೀಗೆ ಮಾಡಿದವರಲ್ಲಿ ನೂರಕ್ಕೆ 90 ಮಂದಿ ಆರು ತಿಂಗಳವರೆಗೆ ರೋಗಮುಕ್ತರಾಗಿದ್ದರು. ಮಾತ್ರೆ ನಿಲ್ಲಿಸಿ ಮತ್ತೆ ಆರು ತಿಂಗಳು ಕಳೆಯುವಷ್ಟರಲ್ಲಿ ಆ ಸಂಖ್ಯೆ 43ಕ್ಕೆ ಇಳಿಯಿತು. ಈ ಎರಡನೆಯ ಅಂಕಿ ಮುಖ್ಯ. ಅಡಗಿಸುವುದು ಬೇರೆ, ಬೇರುಸಹಿತ ಕಳೆಯುವುದು ಬೇರೆ. ಈ ಮಾತ್ರೆಗಳನ್ನು ಬರೆದುಕೊಡುವುದು ಆಧುನಿಕ ವೈದ್ಯರ ಕೆಲಸ, ನಮ್ಮದಲ್ಲ. ಆದರೂ ಎರಡು ಎಚ್ಚರಿಕೆ ಹೇಳದಿರಲಾರೆವು. ಗರ್ಭಿಣಿಯರು ಫ್ಲುಕೊನಜೋಲನ್ನು ನುಂಗಬಾರದು. ಅವರಿಗೆ ಹೊರಗಿನಿಂದ ಬಳಸುವ ಏಳು ದಿನದ ಔಷಧವಿದೆ. ಗ್ಲಿಮೆಪಿರೈಡ್ ಮುಂತಾದ ಸಕ್ಕರೆ ಮಾತ್ರೆ ಅಥವಾ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಸೇವಿಸುವವರಲ್ಲಿ ಇದು ಆ ಔಷಧಗಳ ಬಲವನ್ನು ಹೆಚ್ಚಿಸಿ, ಸಕ್ಕರೆ ಕುಸಿಯುವುದಕ್ಕೆ ಅಥವಾ ರಕ್ತಸ್ರಾವಕ್ಕೆ ಕಾರಣವಾಗಬಹುದು. ಅಂಗಡಿಯಿಂದ ತಾವೇ ಕೊಂಡು ನುಂಗುವವರಿಗೆ ಇದನ್ನು ಯಾರು ಹೇಳಬೇಕು?

ಫ್ಲುಕೊನಜೋಲಿಗೆ ಬಗ್ಗದ ಪ್ರಭೇದಗಳಿಗೆ ಬೋರಿಕ್ ಆಮ್ಲದ 600 ಮಿಲಿಗ್ರಾಂ ಗುಳಿಗೆಯನ್ನು ರಾತ್ರಿ ಯೋನಿಯಲ್ಲಿರಿಸಿಕೊಳ್ಳುವ ಎರಡು ಮೂರು ವಾರಗಳ ಚಿಕಿತ್ಸೆ ಇದೆ. ತಜ್ಞರ ನಿಗಾದಲ್ಲಿ ಮಾತ್ರ; ಬಾಯಿಗೆ ಹೋದರೆ ಅದು ವಿಷ, ಗರ್ಭಿಣಿಯರಿಗೆ ಸಲ್ಲದು. ಇನ್ನೊಂದು ದಾರಿ ಪಾಲಿಯೀನ್ ವರ್ಗದ ಔಷಧಗಳದು. ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಎಂಬ ಇಬ್ಬರು ಮಹಿಳೆಯರು 1950ರಲ್ಲಿ ನಿಸ್ಟಾಟಿನ್ ಎಂಬುದನ್ನು ಮಣ್ಣಿನ ಜೀವಿಯಿಂದ ಹೊರತೆಗೆದರು. ನ್ಯೂಯಾರ್ಕ್ ರಾಜ್ಯದ ಹೆಸರೇ ಅದರಲ್ಲಿ ಅಡಗಿದೆ. ಅದೇ ವರ್ಗದ ಹ್ಯಾಮೈಸಿನ್ ಎಂಬ ಔಷಧವನ್ನು ಕಂಡುಹಿಡಿದವರು ನಮ್ಮ ನಾಡಿನವರೇ ಆದ ಶಿಲೀಂಧ್ರವಿಜ್ಞಾನಿ ಎಂ.ಜೆ. ತಿರುಮಲಾಚಾರ್. 1914ರಲ್ಲಿ ಕರ್ನಾಟಕದಲ್ಲಿ ಜನಿಸಿದ ಅವರು ಪುಣೆಯ ಬಳಿಯ ಪಿಂಪ್ರಿಯ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಸಂಸ್ಥೆಯಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದಾಗ ಅಲ್ಲಿಯ ಮಣ್ಣಿನಿಂದ ಅದನ್ನು ಪಡೆದರು. 1967ರ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ ಅವರಿಗೆ ಸಂದಿತು. ಕನ್ನಡಿಗರು ಅವರನ್ನು ಇನ್ನೂ ಹೆಚ್ಚಾಗಿ ನೆನೆಯಬೇಕಿತ್ತು.

ತೊಡೆಸಂದಿನ ಉಂಗುರಾಕಾರದ ತುರಿಕೆಯನ್ನೂ ಕೆಲವರು ಇದೇ ಪತ್ರಗಳಲ್ಲಿ ಸೇರಿಸಿದ್ದಾರೆ. ಅದು ಯೀಸ್ಟ್ ಅಲ್ಲ. ಹುಳುಕಡ್ಡಿ, ಗಜಕರ್ಣ ಎನ್ನುವ ಬೇರೆ ಶಿಲೀಂಧ್ರ. ಕಳೆದ ದಶಕದಿಂದ ನಮ್ಮ ದೇಶದಲ್ಲಿ ಅದು ಮಾತ್ರೆ ಮುಲಾಮುಗಳಿಗೆ ಬಗ್ಗದಂತಾಗಿದೆ. ಟರ್ಬಿನಫಿನ್ ಎಂಬ ಔಷಧವನ್ನು ಸೋಲಿಸುವ ಅದರ ಒಂದು ಪ್ರಭೇದಕ್ಕೆ 2020ರಲ್ಲಿ ಜಪಾನಿನ ಸಂಶೋಧಕರು ಟ್ರೈಕೊಫೈಟಾನ್ ಇಂಡೋಟಿನಿಯೈ ಎಂದು ಹೆಸರಿಟ್ಟರು. ಹೆಸರಿನಲ್ಲೇ ಭಾರತವಿದೆ, ಹೆಮ್ಮೆಪಡುವಂತಿಲ್ಲ. ಸ್ಟೀರಾಯ್ಡ್, ಶಿಲೀಂಧ್ರನಾಶಕ, ಆ್ಯಂಟಿಬಯಾಟಿಕ್ ಮೂರನ್ನೂ ಕಲಸಿದ ಅಗ್ಗದ ಮುಲಾಮುಗಳ ದುರ್ಬಳಕೆ ಇದಕ್ಕೆ ಬಹುವಾಗಿ ನೆರವಾಯಿತೆಂದು ಚರ್ಮತಜ್ಞರು ಹೇಳುತ್ತಾರೆ. ಸ್ಟೀರಾಯ್ಡ್ ತುರಿಕೆಯನ್ನು ಒಂದೇ ದಿನದಲ್ಲಿ ನಿಲ್ಲಿಸುತ್ತದೆ, ಶಿಲೀಂಧ್ರವನ್ನು ಸಾಕುತ್ತದೆ, ಚರ್ಮವನ್ನು ತೆಳುಮಾಡುತ್ತದೆ. ಇಂತಹ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿಗೊಳಿಸಿದೆ. ಕೇಳಿದರೆ ಕೊಡುವ ಅಂಗಡಿಗಳು ಈಗಲೂ ಇವೆ. ಗುಹ್ಯಭಾಗದ ತುರಿಕೆಗೂ ಅದನ್ನೇ ಬಳಿಯುವವರಿದ್ದಾರೆ. ದಯಮಾಡಿ ಬೇಡ. ಹುಳುಕಡ್ಡಿ ಇರುವವರು ಸೊಂಟದ ಉಡುದಾರವನ್ನೂ ಗಮನಿಸಬೇಕು. ಸ್ನಾನದ ಬಳಿಕ ಒದ್ದೆಯಾಗಿಯೇ ಉಳಿಯುವ ಆ ಹತ್ತಿಯ ದಾರದಲ್ಲಿ ಶಿಲೀಂಧ್ರ ಸುಖವಾಗಿ ನೆಲೆಸುತ್ತದೆ. ಗುಣವಾಗುವವರೆಗೆ ತೆಗೆದಿಡಿರಿ, ಬಳಿಕ ಹೊಸದನ್ನು ಕಟ್ಟಿರಿ.

ಆಯುರ್ವೇದದಲ್ಲಿ ಏನಿದೆ ಎಂಬ ಪ್ರಶ್ನೆಗೆ ಬರೋಣ. ಕ್ರಿಮಿಗಳ ವಿಷಯದಲ್ಲಿ ಚರಕರು ವಿಮಾನಸ್ಥಾನದಲ್ಲಿ ಮೂರು ಹೆಜ್ಜೆಗಳನ್ನು ಹೇಳುತ್ತಾರೆ. ಇರುವ ಕ್ರಿಮಿಯನ್ನು ಹೊರತೆಗೆಯುವುದು ಅಪಕರ್ಷಣ. ಅದು ಬೆಳೆಯುವ ಪರಿಸರವನ್ನೇ ಕೆಡಿಸುವುದು ಪ್ರಕೃತಿವಿಘಾತ. ಅದಕ್ಕೆ ಕಾರಣವಾದುದನ್ನು ಬಿಡುವುದು ನಿದಾನ ಪರಿವರ್ಜನ. ಮಾತ್ರೆಗಳು ಮೊದಲನೆಯದನ್ನು ಮಾಡುತ್ತವೆ. ಉಳಿದೆರಡನ್ನು ಮಾಡದಿದ್ದರೆ 90 ಎಂಬುದು 43 ಆಗುತ್ತದೆ. ನಮ್ಮ ಪಾತ್ರ ಹೆಚ್ಚಾಗಿ ಆ ಉಳಿದೆರಡರಲ್ಲಿ.

ತುರಿಕೆ ಉರಿಗಳಿಗೆ ತ್ರಿಫಲಾ ಅಥವಾ ಪಂಚವಲ್ಕಲದ ಕಷಾಯವನ್ನು ಚೆನ್ನಾಗಿ ಸೋಸಿ, ಉಗುರುಬೆಚ್ಚಗೆ ಮಾಡಿ, ಅಗಲವಾದ ಬೋಗುಣಿಯಲ್ಲಿ ಹತ್ತು ನಿಮಿಷ ಕುಳಿತುಕೊಳ್ಳುವ ಅವಗಾಹ ಹಿತಕರ. ಹೊರಭಾಗಕ್ಕೆ ಮಾತ್ರ. ಶಾಸ್ತ್ರದಲ್ಲಿ ಯೋನಿಪ್ರಕ್ಷಾಲನ ಹೇಳಿದೆಯಲ್ಲ ಎಂದು ಕೇಳುವವರಿಗೆ ನಮ್ಮ ಉತ್ತರವಿಷ್ಟೆ: ಅದು ವೈದ್ಯರು ರೋಗವನ್ನು ನಿಶ್ಚಯಿಸಿ, ಶುದ್ಧ ಸಲಕರಣೆಯಿಂದ, ಮಿತವಾಗಿ ಮಾಡುವ ಕ್ರಮ. ಮನೆಯಲ್ಲಿ ದಿನವೂ ಒಳಗೆ ನೀರು ಚಿಮ್ಮಿಸಿಕೊಂಡರೆ ಹಿತಕಾರಿ ಜೀವಿಗಳು ಕೊಚ್ಚಿಹೋಗುತ್ತವೆ. ಬೆಳ್ಳುಳ್ಳಿಯ ಎಸಳು, ಬೇವಿನ ಪುಡಿ, ಅರಿಸಿನ, ಮೊಸರು ಇವುಗಳನ್ನು ಒಳಗಿರಿಸಿಕೊಳ್ಳಿರೆಂಬ ಸಲಹೆಗಳು ಮೊಬೈಲಿನಲ್ಲಿ ಹರಿದಾಡುತ್ತಿವೆ. ಬೆಳ್ಳುಳ್ಳಿ ಆ ಕೋಮಲ ಚರ್ಮವನ್ನು ಸುಡುತ್ತದೆ. ಮೊಸರು ಊಟದಲ್ಲಿರಲಿ.

ನಮ್ಮ ವೈದ್ಯಬಂಧುಗಳಿಗೂ ಒಂದು ಮಾತು. ಬಿಳಿಸೆರಗು ಎಂದೊಡನೆ ಅಶೋಕಾರಿಷ್ಟ, ಲೋಧ್ರಾಸವಗಳತ್ತ ಕೈ ಚಾಚುವುದು ನಮ್ಮಲ್ಲಿ ರೂಢಿ. ಆಸವಾರಿಷ್ಟಗಳು ಬೆಲ್ಲ ಅಥವಾ ಜೇನಿನಲ್ಲಿ ಹುದುಗಿಸಿದವು. ಮಧುಮೇಹಿಯಾದ ತಾಯಿಗೆ ಮರುಕಳಿಸುವ ಯೀಸ್ಟ್ ಇರುವಾಗ ದಿನಕ್ಕೆರಡು ಬಾರಿ ಅದನ್ನು ಕುಡಿಸುವುದು ಇರುವೆಗೆ ಬೆಲ್ಲ ಹಾಕಿದಂತೆ. ಅಂಥವರಿಗೆ ಕಷಾಯ, ಚೂರ್ಣಗಳೇ ಲೇಸು. ಲೇಹ್ಯಗಳಿಗೂ ಇದೇ ಮಾತು. ಯಷ್ಟಿಮಧುವನ್ನು ರಕ್ತದೊತ್ತಡವಿರುವವರಿಗೆ ದೀರ್ಘಕಾಲ ಕೊಡಬಾರದು. ಸಕ್ಕರೆಯ ಬದಲು ಬೆಲ್ಲ ತಿಂದರೆ ದೋಷವಿಲ್ಲ ಎಂಬುದೂ ಭ್ರಮೆ. ಶಿಲೀಂಧ್ರಕ್ಕೆ ಆ ಭೇದ ತಿಳಿಯದು. ಮಠಕ್ಕೆ ಬಂದವರು ಪ್ರಸಾದವನ್ನು ನಿರಾಕರಿಸಬೇಕೆಂದು ನಾವು ಹೇಳುತ್ತಿಲ್ಲ. ಪಾಯಸ ಹುಗ್ಗಿಗಳನ್ನು ಒಂದು ಚಮಚಕ್ಕೆ ನಿಲ್ಲಿಸಿ ಅಂಬಲಿ ಮಜ್ಜಿಗೆಯನ್ನು ಹೆಚ್ಚು ಸ್ವೀಕರಿಸಿದರೂ ಅದು ಪ್ರಸಾದವೇ.

ಉಡುಪಿನ ವಿಷಯದಲ್ಲಿ ಹೇಳಬೇಕಾದುದು ಕಡಿಮೆ. ಹತ್ತಿಯ ಒಳಉಡುಪು, ಬಿಸಿಲಿನಲ್ಲಿ ಒಣಗಿದ್ದು. ರಾತ್ರಿ ಸಡಿಲವಾದ ಬಟ್ಟೆ. ಬಾತ್‌ರೂಮಿನ ಕತ್ತಲೆಯಲ್ಲಿ, ಸೀರೆಯ ಕೆಳಗೆ ಮರೆಮಾಡಿ ಒಣಹಾಕುವ ಪದ್ಧತಿ ಹೋಗಬೇಕು. ಆದರೆ ಪೀಣ್ಯ, ಯಶವಂತಪುರದ ಕಡೆಯ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳಿಗೆ ಈ ಉಪದೇಶದಿಂದ ಏನಾದೀತು? ಬೆವರಿನಲ್ಲಿ ಎಂಟು ಗಂಟೆ ಕುಳಿತಿರುತ್ತಾರೆ; ಶೌಚಕ್ಕೆ ಎದ್ದರೆ ಕೆಲಸ ಹಿಂದೆ ಬೀಳುತ್ತದೆಂದು ನೀರನ್ನೇ ಕುಡಿಯುವುದಿಲ್ಲ. ಅಂಥವರು ಕನಿಷ್ಠ ಒಂದು ಜೊತೆ ಒಳಉಡುಪನ್ನು ಚೀಲದಲ್ಲಿ ಒಯ್ದು ಮಧ್ಯಾಹ್ನ ಬದಲಿಸಿಕೊಂಡರೂ ವ್ಯತ್ಯಾಸ ಕಾಣುತ್ತದೆ. ಉಳಿದುದನ್ನು ಸರಿಪಡಿಸಬೇಕಾದವರು ಕಾರ್ಖಾನೆ ನಡೆಸುವವರು.

ಪತ್ರಗಳಲ್ಲಿ ನಮ್ಮನ್ನು ಹೆಚ್ಚು ಕಲಕಿದ್ದು ಗಂಡಹೆಂಡಿರ ನಡುವಿನ ಸಂಶಯ. ನನಗೆ ಇದು ಎಲ್ಲಿಂದ ಬಂತು ಎಂದು ಗಂಡ ಕೇಳಿದನೆಂದು ಒಬ್ಬರು, ಅವರಿಂದಲೇ ಬಂದಿರಬೇಕೆಂದು ಇನ್ನೊಬ್ಬರು. ಸ್ಪಷ್ಟವಾಗಿ ಹೇಳುತ್ತೇವೆ: ಕ್ಯಾಂಡಿಡಾ ಸೋಂಕನ್ನು ಲೈಂಗಿಕ ರೋಗವೆಂದು ಎಣಿಸುವುದಿಲ್ಲ. ಎಂದೂ ದಾಂಪತ್ಯವಿಲ್ಲದವರಿಗೂ ಅದು ಬರುತ್ತದೆ. ಗಂಡನಿಗೆ ತುರಿಕೆ, ಕೆಂಪು ಇದ್ದರೆ ಮಾತ್ರ ಅವನಿಗೆ ಚಿಕಿತ್ಸೆ ಬೇಕು, ಇಲ್ಲದಿದ್ದರೆ ಬೇಡ. ಟ್ರೈಕೊಮೊನಾಸ್ ಎಂದು ಪರೀಕ್ಷೆಯಲ್ಲಿ ತಿಳಿದರೆ ಮಾತ್ರ ಇಬ್ಬರಿಗೂ ಒಟ್ಟಿಗೆ ಚಿಕಿತ್ಸೆಯಾಗಬೇಕು. ಒಂದು ಹನಿಯ ಪರೀಕ್ಷೆಯಿಂದ ತಿಳಿಯುವುದನ್ನು ಊಹೆಯಿಂದ ತೀರ್ಮಾನಿಸಿ ಮನೆ ಮುರಿದುಕೊಳ್ಳಬೇಡಿರಿ.

ಜ್ವರ, ಕಿಬ್ಬೊಟ್ಟೆಯ ನೋವು, ರಕ್ತಮಿಶ್ರಿತ ಸ್ರಾವ, ಹುಣ್ಣು ಇವುಗಳಲ್ಲಿ ಯಾವುದಿದ್ದರೂ, ಮುಟ್ಟು ನಿಂತ ಬಳಿಕ ರಕ್ತ ಕಂಡರೂ, ಗರ್ಭಿಣಿಯರಾದರೂ ನಮ್ಮಂಥವರ ಕಷಾಯವನ್ನು ನಂಬಿ ಕೂರದೆ ಸ್ತ್ರೀರೋಗತಜ್ಞರ ಬಳಿಗೆ ಹೋಗಬೇಕು. ಹೋಗುವಾಗ ಸಕ್ಕರೆಯ ಚೀಟಿ, ರಕ್ತದೊತ್ತಡದ ಚೀಟಿ, ಇದುವರೆಗೆ ತುರಿಕೆಗೆ ಬಳಸಿದ ಮಾತ್ರೆಯ ಖಾಲಿ ಹಾಳೆಗಳು, ಮುಲಾಮಿನ ಟ್ಯೂಬುಗಳು ಎಲ್ಲವನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿರಿ. ಕಳೆದ ವರ್ಷದಲ್ಲಿ ಎಷ್ಟು ಸಲ, ಯಾವ ಯಾವ ತಿಂಗಳಲ್ಲಿ ಬಂತೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದರೆ ಇನ್ನೂ ಅನುಕೂಲ. ಹೆಸರಿಲ್ಲದೆ ಬರೆದ ತಾಯಂದಿರು ಮುಂದೆಯೂ ಹಾಗೆಯೇ ಬರೆಯಬಹುದು. ಸೇವಿಸುತ್ತಿರುವ ಮಾತ್ರೆಗಳ ಹೆಸರನ್ನು ಮಾತ್ರ ಬಿಡದೆ ಬರೆಯಿರಿ.